ಬಾಡಿಗೆ ಮನೆಗೆ ಜೆಟ್ ಶವರ್ ಹಾಕಿಸೋ ಮುಂಚೆ ಇದನ್ನ ಓದಿ

ಮೈಸೂರಲ್ಲಿ ಬಾಡಿಗೆ ಮನೇಲಿರೋರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತೀನಿ. ಇನ್ನೊಬ್ಬರ ದುಡ್ಡು ಹೀಗೆ ನೀರಲ್ಲಿ ಹೋಗಬಾರದು.

ನಾವಿರೋದು ಕುವೆಂಪುನಗರದಲ್ಲಿ, ಮೊದಲನೇ ಮಹಡಿ. ಅಮ್ಮಂಗೆ ಮಂಡಿ ಆಪರೇಷನ್ ಆಗಿದೆ, ಬಗ್ಗೋಕೆ ಆಗಲ್ಲ. ಸ್ಟೂಲ್ ಮೇಲೆ ಕೂತು ಸ್ನಾನ ಮಾಡೋಕೆ ಒಂದು ಹ್ಯಾಂಡ್ ಶವರ್ ಬೇಕಿತ್ತು. ಅಂಗಡಿಗೆ ಹೋಗಿ ಕೇಳಿದ್ದೂ ಅಷ್ಟೇ.

ಅಲ್ಲಿ ಒಂದು ಪ್ಯಾನೆಲ್‌ನಲ್ಲಿ ಎಲ್ಲಾ ಜೋಡಿಸಿಟ್ಟಿದ್ರು. ಮೇಲೆ ಊಟದ ತಟ್ಟೆಯಷ್ಟಗಲದ ರೇನ್ ಶವರ್, ಪಕ್ಕದಲ್ಲಿ ಹ್ಯಾಂಡ್ ಶವರ್, ಬೆನ್ನಿಗೆ ಮೂರು ಬಾಡಿ ಜೆಟ್, ಒಂದರಿಂದ ಇನ್ನೊಂದಕ್ಕೆ ತಿರುಗಿಸೋಕೆ ಡೈವರ್ಟರ್. ಆನ್ ಮಾಡಿದ ತಕ್ಷಣ ಧೋ ಅಂತ ನೀರು. "ಅಮ್ಮನ ಕಾಲಿಗೆ ಮಸಾಜ್ ಮಾಡಿದಂಗಿರುತ್ತೆ ಮೇಡಂ" ಅಂದ ಅಂಗಡಿಯವನು. ಆ ಮಾತಿಗೆ ಬಿದ್ದೆ ನಾನು. 18,500 ರೂಪಾಯಿ, ಫಿಟ್ಟಿಂಗ್‌ಗೆ ಬೇರೆ 3,000. "ನಮ್ದು ಬಾಡಿಗೆ ಮನೆ, ಟ್ಯಾಂಕ್ ನೀರು, ಸೋಲಾರ್ ಇದೆ" ಅಂತ ಎರಡು ಸಲ ಹೇಳಿದೆ. ಎರಡು ಸಲ! "ಏನೂ ಆಗಲ್ಲ ಮೇಡಂ, ನಾವಿದ್ದೀವಲ್ಲ."

ಓನರ್‌ಗೆ ಫೋನ್ ಮಾಡಿ "ಶವರ್ ಬದಲಾಯಿಸ್ತೀವಿ" ಅಂದಿದ್ದೆ, ಹೂಂ ಅಂದಿದ್ರು. ಗೋಡೆ ಕೊರೀತಾರೆ ಅಂತ ನನಗೇ ಗೊತ್ತಿರಲಿಲ್ಲ. ಬಂದವನು ಗ್ರೈಂಡರ್ ಹಚ್ಚಿ ಏಳು ಟೈಲ್ಸ್ ಒಡೆದ.

ಎಲ್ಲಾ ಮುಗಿದ ಮೇಲೆ ಲಿವರ್ ಎತ್ತಿದೆ. ಅಮ್ಮ ಬಾಗಿಲಲ್ಲಿ ಟವೆಲ್ ಹಿಡ್ಕೊಂಡು ನಿಂತಿದ್ರು. ರೇನ್ ಶವರ್ ನಡುವಿಂದ ನಾಲ್ಕೈದು ಎಳೆ ನೀರು ಬಿತ್ತು. ಜೆಟ್‌ಗೆ ತಿರುಗಿಸಿದ್ರೆ ಮುಂದಕ್ಕೆ ಹಾರಲೇ ಇಲ್ಲ, ಗೋಡೆ ಹಿಡ್ಕೊಂಡು ಇಳೀತು. ಅಮ್ಮ ಬೈಯಲಿಲ್ಲ. "ಇರ್ಲಿ ಬಿಡು, ಚೊಂಬು ಕೊಡು" ಅಂದ್ರು. ಅತ್ತುಬಿಟ್ಟೆ.

ಅಂಗಡಿಗೆ ಹೋದ್ರೆ, "ಅದು ನಿಮ್ಮನೆ ಪ್ರೆಷರ್ ಪ್ರಾಬ್ಲಮ್ಮು, ನಮ್ಮ ಶವರ್‌ದಲ್ಲ." ಮತ್ತೆ ಇಲ್ಲಿ ಹೇಗೆ ಬರುತ್ತೆ ಅಂತ ಪ್ಯಾನೆಲ್ ಹಿಂದೆ ಬಗ್ಗಿ ನೋಡಿದೆ. ಕೆಳಗೆ ಪ್ರೆಷರ್ ಪಂಪ್ ಓಡ್ತಿತ್ತು! "ಎಲ್ಲಾ ಅಂಗಡೀಲೂ ಇರುತ್ತೆ ಮೇಡಂ, ನೀವು ಕೇಳ್ಲಿಲ್ಲ." ನೀವು ಕೇಳ್ಲಿಲ್ಲ! ಇನ್ನೂ ಕಿವೀಲಿದೆ ಆ ಮಾತು. ವಾಪಸ್ ತಗೊಳ್ಳಿ ಅಂದ್ರೆ "ಗೋಡೆಗೆ ಕೂರಿಸಿದ್ದನ್ನ ಯಾರು ತಗೋತಾರೆ?" ಬೇಕಾದ್ರೆ ಪಂಪ್ ಹಾಕಿಸ್ಕೊಳ್ಳಿ, 14,000 ಅಂತೆ.

ಆಮೇಲೆ ಬೇರೆ ಪ್ಲಂಬರ್ ಕರೆಸಿದೆ. ಅವರು ಲೆಕ್ಕ ಬಿಡಿಸಿ ಹೇಳಿದ್ರು: ನೀರಿನ ಪ್ರೆಷರ್ ಅಳೆಯೋದು ಬಾರ್‌ನಲ್ಲಿ, ಹತ್ತು ಮೀಟರ್ ಎತ್ತರದಲ್ಲಿ ನೀರಿದ್ರೆ ಸುಮಾರು 1 ಬಾರ್. ನಮ್ಮ ಟ್ಯಾಂಕ್ ಇರೋದು ಶವರ್‌ಗಿಂತ ಎರಡೂವರೆ ಮೀಟರ್ ಮೇಲೆ, ಅಂದ್ರೆ ಬರೀ ಕಾಲು ಬಾರ್. ಡಬ್ಬದ ಮೇಲೆ ಸಣ್ಣಕ್ಷರದಲ್ಲಿ ಕನಿಷ್ಠ 1 ಬಾರ್ ಅಂತ ಇದೆ. ತಣ್ಣೀರಿಗೆ ಮಾತ್ರ ಪಂಪ್ ಹಾಕಿದ್ರೆ ಅದು ಬಿಸಿನೀರು ತಣ್ಣೀರು ಬೆರೆಸೋ ಮಿಕ್ಸರ್ ನಲ್ಲಿ ಮೂಲಕ ಸೋಲಾರ್ ಲೈನಿಗೇ ನುಗ್ಗುತ್ತೆ, ಬಿಸಿನೀರು ತಣ್ಣಗಾಗಿ ಮೇಲಿನ ಗಾಳಿ ಹೋಗೋ ವೆಂಟ್ ಪೈಪಲ್ಲಿ ಚೆಲ್ಲಿ ಹೋಗುತ್ತೆ ಅಂತಾನೂ ಅವರೇ ಹೇಳಿದ್ದು. 14,000 ಕೊಟ್ಟಿದ್ರೆ ಅದೂ ಹೋಗ್ತಿತ್ತು.

ನಮಗೆ ಬೇಕಾಗಿದ್ದು ಹಳೇ ಶವರ್‌ನ ಅರ್ಧ ಇಂಚಿನ ಥ್ರೆಡ್‌ಗೇ ತಿರುಗಿಸಿ ಹಾಕೋ ಟೂ ವೇ ಡೈವರ್ಟರ್, ಅದಕ್ಕೊಂದು ಹ್ಯಾಂಡ್ ಶವರ್. ಗೋಡೆ ಮುಟ್ಟೋದೇ ಬೇಡ. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು.

ಓನರ್ ಬಂದು ನೋಡಿದ್ರು. ಆ ಟೈಲ್ಸ್ ಈಗ ಸಿಗಲ್ವಂತೆ, ಇಡೀ ಗೋಡೆ ಬದಲಾಯಿಸಬೇಕು, ಅಡ್ವಾನ್ಸ್‌ನಲ್ಲಿ 12,000 ಹಿಡ್ಕೋತೀನಿ ಅಂದ್ರು. ಅವರದ್ದು ತಪ್ಪು ಅನ್ನಲಾರೆ.

ಅಂಗಡೀಲಿ ನೀರು ರಭಸವಾಗಿ ಬಂದ್ರೆ ಮೊದಲು ಪಂಪ್ ಆಫ್ ಮಾಡಿಸಿ ನೋಡಿ. ಮನೇಲಿ ಬಕೆಟ್ ಇಟ್ಟು, ನಿಮಿಷಕ್ಕೆ ಎಷ್ಟು ಲೀಟರ್ ತುಂಬುತ್ತೆ ಅಳೆದುಕೊಂಡು ಹೋಗಿ. ಓನರ್ ಒಪ್ಪಿಗೆ ವಾಟ್ಸಾಪಲ್ಲಿ ಬರಹದಲ್ಲೇ ಇರಲಿ, ಗೋಡೆ ಕೊರೆಯೋದನ್ನೂ ಸೇರಿಸಿ. ಬಿಲ್ಲು ಜೋಪಾನ.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ವಿಷಯ ಗೊತ್ತಾಗಿ ನಿನ್ನೆ ಅಂಗಡಿಯವನೇ ಫೋನ್ ಮಾಡಿದ್ದ: "ಇಷ್ಟಕ್ಕೆಲ್ಲಾ ಯಾಕೆ ಮೇಡಂ, ಎರಡು ಜೆಟ್ ಫ್ರೀ ಕೊಡ್ತೀನಿ."