ಹಳೇ ಬಾಬ್‌ಕ್ಯಾಟ್, ಏಳು ಎಕರೆ ಜಾಲಿ: ಎರಡು ವರ್ಷ ಓಡಿಸಿದ ಮೇಲೆ

ನಮ್ಮ ಹಿರಿಯೂರು ಕಡೆ ಎಕ್ಸ್‌ಕವೇಟರ್ ಯಾವ ಕಂಪನಿಯದ್ದಾದರೂ ಹಿಟಾಚಿ, ಬ್ಯಾಕ್‌ಹೋ ಯಾವುದಾದರೂ ಜೆಸಿಬಿ. ಮುಂದೆ ಬಕೆಟ್ ಇರುವ ಪುಟ್ಟ ಲೋಡರ್‌ಗೆ ಸ್ಕಿಡ್ ಸ್ಟೀರ್ ಅಂದರೆ ಯಾರಿಗೂ ಗೊತ್ತಾಗಲ್ಲ, ಬಾಬ್‌ಕ್ಯಾಟ್ ಅನ್ನಬೇಕು. ನನ್ನದೂ ಹಾಗೆ ಕರೆಸಿಕೊಳ್ಳುವ ಬೇರೆ ಕಂಪನಿಯ ಗಾಡಿ. 2014ರ ಮಾಡೆಲ್, 50 ಎಚ್‌ಪಿ ಆಸುಪಾಸು. 2023ರ ಬೇಸಿಗೆಯಲ್ಲಿ 6.80 ಲಕ್ಷಕ್ಕೆ ತಂದೆ. ಮೀಟರ್ 3,900 ಗಂಟೆ ತೋರಿಸುತ್ತಿತ್ತು. ಅಲ್ಲಿಂದ ಈಚೆಗೆ ನಾನು 640 ಗಂಟೆ ಓಡಿಸಿದ್ದೇನೆ.

2022ರಲ್ಲಿ ಮಾರಿಕಣಿವೆ ಡ್ಯಾಂ (ವಾಣಿವಿಲಾಸ ಸಾಗರ) ಕೋಡಿ ಬಿತ್ತಲ್ಲ, 1933 ಆದಮೇಲೆ ಅದೇ ಮೊದಲು. ಬತ್ತಿದ್ದ ನಮ್ಮ ಬೋರ್‌ನಲ್ಲೂ ನೀರು ಬಂತು. ಹದಿನೈದು ವರ್ಷ ಬೀಳು ಬಿದ್ದಿದ್ದ ಏಳು ಎಕರೆಯಲ್ಲಿ ತೆಂಗು ಹಾಕೋಣ ಅಂತ ಆಸೆ ಹುಟ್ಟಿತು. ಆದರೆ ಹೊಲದ ತುಂಬ ಬಳ್ಳಾರಿ ಜಾಲಿ. ಇದ್ದಿಲು ಸುಡುವವರು ಮರ ಕಡಿದುಕೊಂಡು ಹೋದರು, ಬೊಡ್ಡೆ ಮಾತ್ರ ನನಗೆ ಬಿಟ್ಟರು. ಆಗ ಜೆಸಿಬಿ ಬಾಡಿಗೆ ಗಂಟೆಗೆ 1,200 ಇತ್ತು. ಬೊಡ್ಡೆ, ಕಲ್ಲು, ಬದು, ಮಟ್ಟ ಮಾಡೋದು ಎಲ್ಲ ಸೇರಿ ನಾಲ್ಕು ಲಕ್ಷ ದಾಟುತ್ತೆ ಅನ್ನಿಸಿತು. ಸ್ವಂತ ಗಾಡಿ ಇದ್ದರೆ ಕೆಲಸ ಮುಗಿದ ಮೇಲೆ ಮಾರಬಹುದು ಅಂತ ನನ್ನ ಲೆಕ್ಕ. ಅಪ್ಪ ಬೇಡ ಅಂದಿದ್ದರು.

ಬ್ರೋಕರ್ ಹೇಳಿದ್ದು, "ಬರೀ ಗೋಡೌನ್‌ನಲ್ಲಿ ಓಡಿರೋದು ಸಾರ್, ಮಣ್ಣೇ ಮುಟ್ಟಿಲ್ಲ." ಹೊಸ ಪೇಂಟ್ ಮಿಂಚುತ್ತಿತ್ತು. ಸ್ಟಾರ್ಟ್ ಮಾಡಿದರೆ ಒಂದೇ ಏಟಿಗೆ ಹಿಡಿಯಿತು. ನಾವು ಹೋಗುವ ಮುಂಚೆಯೇ ಇಂಜಿನ್ ಬಿಸಿ ಮಾಡಿಟ್ಟಿದ್ದ ಅನ್ನೋದು ಆಮೇಲೆ ಹೊಳೆಯಿತು. ಮೊದಲು ಬಾನೆಟ್ ಮೇಲೆ ಕೈ ಇಟ್ಟು ನೋಡಬೇಕಿತ್ತು. ಎರಡು ವಾರ ಆದಮೇಲೆ ಮೆಕ್ಯಾನಿಕ್ ಕ್ಯಾಬಿನ್ ಎತ್ತಿದ. ಈ ಗಾಡಿಯಲ್ಲಿ ಕ್ಯಾಬಿನ್ ಹಿಂದಕ್ಕೆ ಮಡಚುತ್ತೆ, ಪಂಪ್, ಹೋಸ್ ಎಲ್ಲ ಅದರ ಕೆಳಗೇ ಇರೋದು. ಅಲ್ಲಿ ಬೆರಳುದ್ದ ಧೂಳು, ಕುಂಕುಮದ ಹಾಗೆ ಕೆಂಪಗೆ. ಚಿಟಿಕೆ ತೆಗೆದು ಉಜ್ಜಿದರೆ ಭಾರ, ಹೊಳಪು. "ಅಣ್ಣ, ಇದು ಕಬ್ಬಿಣದ ಅದಿರು. ಸೊಂಡೂರು ಗಣಿ ಕಡೆ ದುಡಿದಿರೋ ಗಾಡಿ ಕಣಣ್ಣ" ಅಂದ. ಏರ್ ಫಿಲ್ಟರ್ ಡಬ್ಬಿಯೊಳಗೂ ಅದೇ ಬಣ್ಣ. ಮೀಟರ್ ಮೇಲಿನ ನಂಬಿಕೆ ಅವತ್ತೇ ಹೋಯಿತು.

ಮೊದಲ ಮೂರು ತಿಂಗಳಲ್ಲಿ 1.45 ಲಕ್ಷ ಖರ್ಚು. ಬಕೆಟ್ ಎತ್ತುವ ಲಿಫ್ಟ್ ಆರ್ಮ್‌ನ ಪಿನ್-ಬುಷ್, ಸಿಲಿಂಡರ್ ಸೀಲ್ ಕಿಟ್, ಎಡಗಡೆ ಚೈನ್. ಈ ಗಾಡಿಗೆ ಸ್ಟೇರಿಂಗ್ ಇಲ್ಲ. ಒಂದು ಪಕ್ಕದ ಎರಡೂ ಚಕ್ರ ಚೈನ್‌ನಿಂದ ಒಟ್ಟಿಗೆ ಓಡುತ್ತವೆ, ಎರಡು ಪಕ್ಕ ಬೇರೆ ಬೇರೆ ವೇಗದಲ್ಲಿ ತಿರುಗಿದಾಗ ಗಾಡಿ ಜಾರಿಕೊಂಡು ತಿರುಗುತ್ತೆ. ಹಾಗಾಗಿ ಚೈನ್ ಸವೆದರೆ ಗಾಡಿ ಅರ್ಧ ಸತ್ತಂತೆ. ಕೊಳ್ಳುವಾಗ ನಿಲ್ಲಿಸಿ ಹಿಂದೆ ಮುಂದೆ ಜಗ್ಗಿ ನೋಡಿ, ಕಟಕ್ ಅಂತ ಸಡಿಲ ಗೊತ್ತಾಗುತ್ತೆ. ಇನ್ನೊಂದು, ಅರ್ಧ ಗಂಟೆ ಓಡಿಸಿ ಹೈಡ್ರಾಲಿಕ್ ಆಯಿಲ್ ಬಿಸಿಯಾದ ಮೇಲೆ ನೇರ ಬಿಡಿ. ಒಂದೇ ಕಡೆ ಎಳೆದರೆ ಒಂದು ಬದಿಯ ಚಕ್ರ ಓಡಿಸುವ ಹೈಡ್ರಾಲಿಕ್ ಪಂಪ್ ಅಥವಾ ಮೋಟರ್ ಸೋತಿದೆ ಅಂತ ಅನುಮಾನ ಪಡಿ. ತಣ್ಣಗಿರುವಾಗ ಎಲ್ಲ ಚೆನ್ನಾಗೇ ಇರುತ್ತೆ.

ಟೈರಿನ ಕಥೆ ಬೇರೆ. ಜಾಲಿ ಮುಳ್ಳು ಸುಮ್ನೆ ಬಿಡುತ್ತಾ? ಮೊದಲ ತಿಂಗಳು ಹನ್ನೊಂದು ಪಂಕ್ಚರ್. ಒಮ್ಮೆ ಒಂದೇ ದಿನ ಮೂರು. ಜಾರಿ ತಿರುಗುವಾಗ ಮುಳ್ಳು ಇನ್ನೂ ಒಳಗೆ ಇಳಿಯುತ್ತೆ. ಪಂಕ್ಚರ್ ಅಂಗಡಿಯವನು ನನ್ನ ಟಿವಿಎಸ್ ಸದ್ದು ಕೇಳಿದರೇ ನಗುತ್ತಿದ್ದ. ಕೊನೆಗೆ ನಾಲ್ಕಕ್ಕೂ ಗಾಳಿ ಬದಲು ಫೋಮ್ ತುಂಬಿಸಿದೆ. ಗಾಡಿ ಭಾರವಾಯಿತು, ಕುಲುಕಾಟ ಜಾಸ್ತಿ, ಸಂಜೆಗೆ ಸೊಂಟ ಹಿಡಿಯುತ್ತೆ. ಆದರೆ ಆಮೇಲೆ ಒಂದೂ ಪಂಕ್ಚರ್ ಇಲ್ಲ. ಮುಳ್ಳಿನ ಹೊಲಕ್ಕೆ ತರುವವರು ಈ ಖರ್ಚನ್ನು ಗಾಡಿ ಬೆಲೆಗೇ ಸೇರಿಸಿಕೊಳ್ಳಿ.

ಈಗ ಮುಖ್ಯ ಮಾತು. ಬೊಡ್ಡೆ ಕೀಳೋದು ಇದರ ಕೈಲಿ ಆಗಲ್ಲ. ಅಮೆರಿಕದ ಮಿನ್ನೆಸೋಟಾದಲ್ಲಿ ಕೆಲ್ಲರ್ ಅಣ್ಣತಮ್ಮಂದಿರು 1957ರಲ್ಲಿ ಇದರ ಮೊದಲ ರೂಪ ಕಟ್ಟಿದ್ದು ಟರ್ಕಿ ಕೋಳಿ ಶೆಡ್ಡಿನ ಗೊಬ್ಬರ ಬಾಚೋದಕ್ಕೆ. ಇಕ್ಕಟ್ಟಿನಲ್ಲಿ ತಿರುಗೋದು, ಬಾಚೋದು, ಹೊರೋದು, ಅಷ್ಟೇ ಅದರ ಹುಟ್ಟುಗುಣ. ತೊಡೆ ಗಾತ್ರದ ಬೊಡ್ಡೆಗೆ ಬಕೆಟ್ ಕೊಟ್ಟು ಮೇಲಕ್ಕೆ ಮೀಟಿದರೆ ಹಿಂದಿನ ಚಕ್ರ ಎದ್ದು ನಿಲ್ಲುತ್ತೆ, ಬೊಡ್ಡೆ ಅಲ್ಲಾಡಲ್ಲ. ಮೇಲಿಂದ ತುಂಡಾದರಂತೂ ಮಣ್ಣೊಳಗಿನ ಗಡ್ಡೆಯಿಂದ ಮತ್ತೆ ಚಿಗುರುತ್ತೆ. ಒಂದು ತಿಂಗಳು ಹಠ ಹಿಡಿದು, ಬಕೆಟ್ ಹಲ್ಲು ಮುರಿದುಕೊಂಡು, ಆಮೇಲೆ ಹಿಟಾಚಿ ಕರೆಸಿದೆ. ಅದು ಬುಡಸಮೇತ ಕಿತ್ತು ಹಾಕಿತು, ನಾನು ಬಾಚಿ ಬದುವಿಗೆ ಸಾಗಿಸಿದೆ. ಈ ಜೋಡಿ ಚೆನ್ನಾಗಿ ಒಗ್ಗಿತು. ವೆಲ್ಡಿಂಗ್ ಶಾಪಿನಲ್ಲಿ 38,000ಕ್ಕೆ ಮಾಡಿಸಿದ ಹಲ್ಲಿನ ಫೋರ್ಕ್ ಮುಳ್ಳುಕಂಟಿ ಎತ್ತೋಕೆ ಬಕೆಟ್‌ಗಿಂತ ಎಷ್ಟೋ ವಾಸಿ, ಮಣ್ಣು ಕೆಳಗೇ ಉದುರುತ್ತೆ.

ಡೀಸೆಲ್ ಗಂಟೆಗೆ ನಾಲ್ಕೂವರೆ ಲೀಟರ್. ಒಣಹುಲ್ಲು ಹೀರಿ ರೇಡಿಯೇಟರ್ ಕಟ್ಟುತ್ತೆ, ಬೇಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಗಾಳಿ ಹೊಡೆಯಲೇಬೇಕು. ಏರು ಹತ್ತುವಾಗ ಖಾಲಿ ಬಕೆಟ್ ಇದ್ದರೆ ರಿವರ್ಸ್‌ನಲ್ಲೇ ಹತ್ತಿ. ಇಂಜಿನ್ ಹಿಂದಿದೆ, ಭಾರದ ಕಡೆ ಮೇಲಿರಬೇಕು. ಒಮ್ಮೆ ಬದು ಹತ್ತುವಾಗ ಮರೆತು, ಗಾಡಿ ಹಿಂದಕ್ಕೆ ಬಗ್ಗಿ ಆಕಾಶ ನೋಡಿದ್ದೇನೆ. ಆರ್ಮ್ ಎತ್ತಿ ಕೆಳಗೆ ಕೆಲಸ ಮಾಡೋದಾದರೆ ಲಾಕ್ ಹಾಕದೆ ತಲೆ ಹಾಕಬೇಡಿ. ಹಳೇ ಹೋಸ್ ಹೇಳಿ ಕೇಳಿ ಒಡೆಯಲ್ಲ.

ಎಂಟು ಲಕ್ಷ ಕೈಯಲ್ಲಿದ್ದರೆ ಆರು ಲಕ್ಷದ ಗಾಡಿ ನೋಡಿ, ಉಳಿದದ್ದು ಅದೇ ತಿನ್ನುತ್ತೆ. ಎರಡು ಎಕರೆಯಷ್ಟೇ ಇದ್ದರೆ ಬಾಡಿಗೆಯೇ ಸಾಕು. ನನಗೆ ನಷ್ಟ ಅಂತೂ ಇಲ್ಲ. ತಿಪ್ಪೆ ಸಾಗಿಸೋದು, ಅಕ್ಕಪಕ್ಕದವರ ಕೋಳಿ ಶೆಡ್ ಬಾಚೋದು, ದಿನಾ ಏನಾದರೊಂದು ಕೆಲಸ ಇದ್ದೇ ಇದೆ. ಹೋದ ತಿಂಗಳು ಚಳ್ಳಕೆರೆಯಿಂದ ಒಬ್ಬರು 5.75 ಲಕ್ಷಕ್ಕೆ ಕೇಳಿದರು. ಕ್ಯಾಬಿನ್ ಎತ್ತಿ ತೋರಿಸಿದೆ. ಎಷ್ಟು ತೊಳೆದರೂ ಮೂಲೆಯಲ್ಲಿ ಇನ್ನೂ ಕೆಂಪು ಇದೆ. "ಯೋಚನೆ ಮಾಡಿ ಹೇಳ್ತೀನಿ" ಅಂತ ಹೋದರು. ಮಾರೋದು ಬೇಡ ಅಂತ ಈಗ ಅಪ್ಪನೇ ಹೇಳುತ್ತಿದ್ದಾರೆ.