ಎಫ್‌ಡಿ ಮಾಡಿಸಲು ಹೋಗಿ ಇಪ್ಪತ್ತು ವರ್ಷದ ಪಾಲಿಸಿ ಹೊತ್ತು ಬಂದೆ

ಮೊದಲ ಸಲ ನಾಲ್ಕು ಕಾಸು ಕೂಡಿಟ್ಟು, ಎಲ್ಲಿ ಹಾಕೋಣ ಅಂತ ಯೋಚಿಸುತ್ತಿರುವವರು ಇದನ್ನೊಮ್ಮೆ ಓದಿ. ನನಗೆ ಈ ಪಾಠಕ್ಕೆ 1,46,750 ರೂಪಾಯಿ ಬಿತ್ತು.

2021ರ ಅಕ್ಟೋಬರ್. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಉಳಿತಾಯ ಖಾತೆಯಲ್ಲಿ ಒಂದು ಲಕ್ಷ ಎಂಬತ್ತು ಸಾವಿರ ಸುಮ್ನೆ ಕೂತಿತ್ತು. "ಎಫ್‌ಡಿ ಮಾಡಿಸಮ್ಮಾ" ಅಂದರು ಅಪ್ಪ. ಮೈಸೂರಿನಲ್ಲಿ ನನ್ನ ಖಾತೆ ಇದ್ದ ಬ್ಯಾಂಕಿಗೆ ಹೋದೆ. ಕೌಂಟರಿನವರು ಒಳಗಿನ ಕೋಣೆಗೆ ಕಳಿಸಿದರು. ಎಸಿ, ಮೆತ್ತನೆ ಕುರ್ಚಿ, ಕಾಫಿ ಬೇರೆ. ಅಲ್ಲಿದ್ದವರು ಶುರುಮಾಡಿದರು.

"ಎಫ್‌ಡಿಗೆ ಈಗ ಐದೂವರೆನೂ ಬರಲ್ಲ ಮೇಡಂ. ಇದೂ ಎಫ್‌ಡಿ ಥರಾನೇ. ವರ್ಷಕ್ಕೆ ಒಂದು ಲಕ್ಷ, ಹತ್ತು ವರ್ಷ ಕಟ್ಟಿ. ಇಪ್ಪತ್ತು ವರ್ಷಕ್ಕೆ ಇಪ್ಪತ್ತು ಲಕ್ಷ. ಡಬಲ್! ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ನಿಲ್ಲಿಸಿ."

ನಿಲ್ಲಿಸಬಹುದು, ನಿಜ. ನಿಲ್ಲಿಸಿದರೆ ದುಡ್ಡು ವಾಪಸ್ ಬರುತ್ತಾ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಟ್ಯಾಬ್ ಮೇಲೆ ಬೆರಳಲ್ಲಿ ಸಹಿ ಗೀಚಿದೆ. ಖಾತೆಯಿಂದ ಹೋಗಿದ್ದು 1,04,500. ಆ 4,500 ಯಾಕೆ ಅಂದೆ. "ಜಿಎಸ್‌ಟಿ ಮೇಡಂ." ಸರಿ ಅಂತ ತಲೆಯಾಡಿಸಿದೆ. ಎಫ್‌ಡಿಗೆ ಎಲ್ಲಾದರೂ ಜಿಎಸ್‌ಟಿ ಇರುತ್ತಾ? ಅಲ್ಲೇ ಎದ್ದು ಬರಬೇಕಿತ್ತು. ಈಗ ನಿಮಗೆ ಆ ಸುಳಿವೂ ಸಿಗಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಗೆ ಜಿಎಸ್‌ಟಿ ಇಲ್ಲ.

ಹೊರಡುವಾಗ ಒಂದು ಮಾತು ಹೇಳಿದ್ದರು. "ಕಂಪನಿಯಿಂದ ಫೋನ್ ಬರುತ್ತೆ, ಎಲ್ಲದಕ್ಕೂ ಹೌದು ಅಂದ್ಬಿಡಿ, ಇಲ್ಲಾಂದ್ರೆ ಪ್ರೋಸೆಸ್ ಲೇಟಾಗುತ್ತೆ." ಎರಡು ದಿನ ಬಿಟ್ಟು ಫೋನ್ ಬಂತು. ನಾನು ರಿಂಗ್ ರೋಡ್ ಪಕ್ಕ ಸ್ಕೂಟರ್ ನಿಲ್ಲಿಸಿಕೊಂಡಿದ್ದೆ, ಲಾರಿಗಳ ಸದ್ದು. ಹೌದು, ಹೌದು, ಹೌದು ಅಂದು ಮುಗಿಸಿದೆ. ಮುಂದೆ ದೂರು ಕೊಟ್ಟಾಗ ಅದೇ ರೆಕಾರ್ಡಿಂಗ್ ನನಗೇ ಕೇಳಿಸಿದರು. "ಇದು ಜೀವ ವಿಮೆ, ಬ್ಯಾಂಕ್ ಠೇವಣಿ ಅಲ್ಲ, ತಿಳಿದಿದೆಯೇ?" ಅಂತ ಆ ಹುಡುಗಿ ಸ್ಪಷ್ಟವಾಗಿ ಕೇಳಿದ್ದಾಳೆ. ಲಾರಿ ಸದ್ದಿನ ನಡುವೆ ನನ್ನ "ಹೌದು" ಕೂಡ ಅಷ್ಟೇ ಸ್ಪಷ್ಟ.

ಮರುವರ್ಷ 1,02,250 ತಾನಾಗಿಯೇ ಕಡಿತವಾಯಿತು. ಮೂರನೇ ಕಂತಿನ ಮೆಸೇಜ್ ಬಂದ ವಾರ ಆಫೀಸಿನ ಗೆಳತಿಗೆ ತೋರಿಸಿದೆ. ಅವಳು ಎಕ್ಸೆಲ್ ತೆಗೆದು ಹತ್ತು ಸಾಲಿನಲ್ಲಿ ಕಂತು, ಇಪ್ಪತ್ತು ವರ್ಷದ ಕೊನೆಗೆ ಇಪ್ಪತ್ತು ಲಕ್ಷ ಹಾಕಿ ಐಆರ್‌ಆರ್, ಅಂದರೆ ಹಾಕಿದ ದುಡ್ಡು ವರ್ಷಕ್ಕೆ ಎಷ್ಟು ಪರ್ಸೆಂಟ್ ಬೆಳೆಯಿತು ಅನ್ನೋದನ್ನ ಲೆಕ್ಕ ಮಾಡಿದಳು. ವರ್ಷಕ್ಕೆ ನಾಲ್ಕೂವರೆ ಪರ್ಸೆಂಟೂ ಮುಟ್ಟಲಿಲ್ಲ. ಅವರು ಬೈದ ಎಫ್‌ಡಿಗಿಂತ ಕಡಿಮೆ! "ಡಬಲ್" ಅನ್ನೋ ಮಾತಿಗೆ ಎಷ್ಟು ವರ್ಷದಲ್ಲಿ ಅನ್ನೋದು ಸೇರದಿದ್ದರೆ ಅರ್ಥವೇ ಇಲ್ಲ ಅಲ್ವಾ?

ಸರೆಂಡರ್ ಮಾಡಿದೆ, ಅಂದರೆ ಅವಧಿಗೆ ಮುಂಚೆಯೇ ಪಾಲಿಸಿ ಮುರಿಸಿದೆ. ಎರಡು ವರ್ಷದ ಪ್ರೀಮಿಯಂನ ಶೇ 30, ಅಂದರೆ 60,000 ಬಂತು. ಜಿಎಸ್‌ಟಿ ಕಟ್ಟಿದ್ದಂತೂ ಹೋಯಿತು. ಒಂದೇ ಕಂತು ಕಟ್ಟಿ ಬಿಟ್ಟಿದ್ದರೆ ಆಗಿನ ನಿಯಮದಲ್ಲಿ ಏನೂ ಸಿಗುತ್ತಿರಲಿಲ್ಲ. 2024ರ ಅಕ್ಟೋಬರ್‌ನಿಂದ ಈ ನಿಯಮ ಸ್ವಲ್ಪ ಸಡಿಲವಾಗಿದೆ, ನನ್ನ ಪಾಲಿಗೆ ತಡವಾಯಿತು.

ವಿಮೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಈಗ ನನ್ನ ಹತ್ತಿರ ಟರ್ಮ್ ಪಾಲಿಸಿ (ಉಳಿತಾಯ ಬೆರೆಸದ, ಬರೀ ಜೀವ ವಿಮೆ) ಇದೆ, ಉಳಿದ ದುಡ್ಡಿಗೆ ಎಫ್‌ಡಿ ಮತ್ತು ತಿಂಗಳು ತಿಂಗಳು ಮ್ಯೂಚುಯಲ್ ಫಂಡಿಗೆ ಹಾಕುವ ಒಂದು ಸಣ್ಣ ಎಸ್‌ಐಪಿ. ವಿಮೆ, ಉಳಿತಾಯ ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ಬಡಿಸಲು ಬಂದವರನ್ನು ಮಾತ್ರ ನಂಬಲ್ಲ. ಎಫ್‌ಡಿ ಮಾಡಿಸಿದರೆ ಬಡ್ಡಿ ದರ, ಅವಧಿ ಬರೆದ ಠೇವಣಿ ರಸೀದಿ ಸಿಗಬೇಕು. ಕಾಗದದ ಮೇಲೆ "ಪ್ರೀಮಿಯಂ", "ವಿಮಾ ಮೊತ್ತ" ಅಂತಿದ್ದರೆ ಅದು ಎಫ್‌ಡಿ ಅಲ್ಲವೇ ಅಲ್ಲ.

ಮನೆಯಲ್ಲಿ ಯಾರಾದರೂ ಇತ್ತೀಚೆಗೆ ಬ್ಯಾಂಕಿನಲ್ಲಿ ಇಂಥದ್ದಕ್ಕೆ ಸಹಿ ಹಾಕಿದ್ದರೆ ಇವತ್ತೇ ಅವರ ಇಮೇಲ್ ತೆಗೆದು ನೋಡಿ, ಪ್ರಮೋಷನ್ಸ್ ಫೋಲ್ಡರ್ ಕೂಡ. ನನ್ನ ಪಾಲಿಸಿ ಅಲ್ಲೇ ತೆರೆಯದೆ ಬಿದ್ದಿತ್ತು. ಪಾಲಿಸಿ ಕೈಸೇರಿ 30 ದಿನ ಆಗಿಲ್ಲದಿದ್ದರೆ ಫ್ರೀ ಲುಕ್ (ಓದಿ ನೋಡಿ, ಬೇಡವಾದರೆ ಹಿಂತಿರುಗಿಸುವ ಅವಕಾಶ) ಅಂತ ಬರೆದು ವಿಮಾ ಕಂಪನಿಗೇ ಕಳಿಸಿ. ಸಣ್ಣಪುಟ್ಟ ಖರ್ಚು ಮುರಿದುಕೊಂಡು ಉಳಿದದ್ದನ್ನು ಅವರು ವಾಪಸ್ ಕೊಡಲೇಬೇಕು. ಬ್ಯಾಂಕಿನವರು "ಒಂದು ತಿಂಗಳು ಕಾಯಿರಿ, ನೋಡೋಣ" ಅಂದರೆ ಕಾಯಬೇಡಿ.