ಕೋವಿಡ್ ಕಾಲದ ಸಾಮಾನು: ಇಟ್ಟುಕೊಳ್ಳುವುದು ಯಾವುದು, ಬಿಸಾಡುವುದು ಯಾವುದು

ಕೋವಿಡ್‌ನ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2023ರ ಮೇ 5ರಂದು. ಆ ಹೊತ್ತಿಗೆ ಜನ ಕಚೇರಿ, ಶಾಲೆ, ಸಮಾರಂಭಗಳಿಗೆ ಮರಳಿ ಬಹಳ ದಿನವಾಗಿತ್ತು. ಆದರೆ ಆಗ ಕೊಂಡ ಸಾಮಾನು ಇನ್ನೂ ಬಹಳ ಮನೆಗಳ ಕಪಾಟಿನಲ್ಲೇ ಇದೆ: ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಹಣೆಗೆ ಹಿಡಿಯುವ ಥರ್ಮಾಮೀಟರ್, ಅರ್ಧ ಖಾಲಿಯಾದ ಸ್ಯಾನಿಟೈಸರ್ ಬಾಟಲಿ, ಎನ್‌95 ಮಾಸ್ಕ್‌ಗಳ ಪೊಟ್ಟಣ. ಇವುಗಳ ವಿಮರ್ಶೆಗಳು ಬಂದದ್ದೆಲ್ಲ ಅವು ಹೊಸದಾಗಿದ್ದಾಗ. ವರ್ಷಗಟ್ಟಲೆ ಸುಮ್ಮನೆ ಬಿದ್ದಿರುವ ವಸ್ತು ಹೇಗೆ ಕೆಡುತ್ತದೆ, ಕೆಟ್ಟಿದ್ದನ್ನು ಗುರುತಿಸುವುದು ಹೇಗೆ, ಈಗಿನ ದಿನಚರಿಯಲ್ಲಿ ಅದಕ್ಕೆ ಕೆಲಸ ಇದೆಯೇ ಎಂಬುದನ್ನು ಈಗ ನೋಡಬೇಕು.

ರಕ್ತದಲ್ಲಿನ ಆಮ್ಲಜನಕದ ಮಟ್ಟವನ್ನು ಶೇಕಡಾದಲ್ಲಿ ತೋರಿಸುವ ಆಕ್ಸಿಮೀಟರ್‌ನಿಂದ ಶುರು ಮಾಡೋಣ. ಸರಿಯಾಗಿ ಬಳಸಿದರೆ ಅತ್ಯಂತ ಉಪಯುಕ್ತವಾಗುವುದೂ, ತಪ್ಪಾಗಿ ಬಳಸಿದರೆ ಹೆಚ್ಚು ದಾರಿ ತಪ್ಪಿಸುವುದೂ ಇದೇ. 1970ರ ದಶಕದಲ್ಲಿ ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ ಕಂಡುಕೊಂಡ ತತ್ವವೇ ಇಂದಿಗೂ ಇದರೊಳಗಿದೆ. ಒಂದು ಕಡೆಯಿಂದ ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕು ಮತ್ತು 940 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಬೆರಳಿನ ಮೂಲಕ ಹಾಯುತ್ತವೆ. ಇನ್ನೊಂದು ಕಡೆಯ ಸೆನ್ಸರ್ ಎಷ್ಟು ಬೆಳಕು ದಾಟಿ ಬಂತೆಂದು ಅಳೆಯುತ್ತದೆ. ಆಮ್ಲಜನಕ ಹೊತ್ತ ರಕ್ತ ಅವಕೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಇಲ್ಲದ ರಕ್ತ ಕೆಂಪನ್ನು ಹೆಚ್ಚು ಹೀರುತ್ತದೆ. ನಾಡಿಯ ಪ್ರತಿ ಬಡಿತಕ್ಕೂ ಏರಿಳಿಯುವ ಭಾಗವನ್ನು ಮಾತ್ರ ಯಂತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ನಾಡಿ ಸರಿಯಾಗಿ ಸಿಗದ ಬೆರಳಿನಲ್ಲಿ ಕಾಣುವ ಸಂಖ್ಯೆಯನ್ನು ನಂಬುವಂತಿಲ್ಲ.

ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ಉಗುರಿಗೆ ಬಣ್ಣವಿದ್ದರೆ ಅಳಿಸಿ. ತೋರುಬೆರಳು ಅಥವಾ ನಡುಬೆರಳನ್ನು ತುದಿ ಮುಟ್ಟುವವರೆಗೆ ಒಳಗಿಟ್ಟು, ಕೈಯನ್ನು ಎದೆಯ ಮಟ್ಟದಲ್ಲಿ ಅಲುಗಾಡಿಸದೆ ಹಿಡಿಯಿರಿ. ಸಾಧನದ ಮೇಲೆ ನೇರ ಬಿಸಿಲು ಬೀಳಬಾರದು. ಮೊದಲು ಕಾಣುವ ಸಂಖ್ಯೆಯನ್ನು ಬಿಟ್ಟು, ಕನಿಷ್ಠ ಐದು ಸೆಕೆಂಡು ಬದಲಾಗದೆ ನಿಂತ ಸಂಖ್ಯೆಯನ್ನು ಬರೆದುಕೊಳ್ಳಿ. ಆರೋಗ್ಯವಂತರಲ್ಲಿ, ಎತ್ತರದ ಪ್ರದೇಶವಲ್ಲದಿದ್ದರೆ, ಇದು ಸಾಮಾನ್ಯವಾಗಿ 95ರಿಂದ 100ರೊಳಗೆ ಇರುತ್ತದೆ.

ಸಾಧನ ಸರಿಯಿದೆಯೇ ಎಂದು ನೋಡಲು ಬಹಳ ಜನ ಒಳಗೆ ಪೆನ್ಸಿಲ್ ಇಟ್ಟು ಪರೀಕ್ಷಿಸುತ್ತಾರೆ. ಇದನ್ನು ನಂಬಬೇಡಿ. ಹಿಡಿದ ಕೈ ಸ್ವಲ್ಪ ನಡುಗಿದರೂ ಒಳ್ಳೆಯ ಸಾಧನ ಕೂಡ ಅದನ್ನು ನಾಡಿಯೆಂದು ಭಾವಿಸಿ ಏನೋ ಒಂದು ಸಂಖ್ಯೆ ತೋರಿಸಬಹುದು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇದೆ: ಒಬ್ಬರು ಮಣಿಕಟ್ಟಿನಲ್ಲಿ ಒಂದು ಪೂರ್ತಿ ನಿಮಿಷ ನಾಡಿ ಎಣಿಸಲಿ, ಅದೇ ಹೊತ್ತಿಗೆ ಸಾಧನದಲ್ಲಿ ಕಾಣುವ ನಾಡಿ ಸಂಖ್ಯೆಯನ್ನು ಗಮನಿಸಲಿ. ಎರಡೂ ಹತ್ತಿರ ಇಲ್ಲದಿದ್ದರೆ ಅದರ ಆಮ್ಲಜನಕದ ಸಂಖ್ಯೆಗೂ ಬೆಲೆಯಿಲ್ಲ. ಎರಡೂ ಹತ್ತಿರ ಬಂದರೆ ಸಾಧನ ನಾಡಿ ಹಿಡಿಯುತ್ತಿದೆ ಎಂದಷ್ಟೇ ಅರ್ಥ, ಆಮ್ಲಜನಕದ ಅಳತೆ ಕರಾರುವಾಕ್ಕಾಗಿದೆ ಎಂದಲ್ಲ.

ಒಳ್ಳೆಯ ಸಾಧನದಲ್ಲೂ ಎರಡು ಮೂರು ಅಂಕದ ವ್ಯತ್ಯಾಸ ಸಹಜ. ಚರ್ಮದ ಬಣ್ಣ ಗಾಢವಾಗಿದ್ದವರಿಗೆ ಅದು ನಿಜಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ. 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಮತ್ತೆ ಎತ್ತಿ ತೋರಿಸಿತು, 2021ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ನೀಡಿತು. ಆದ್ದರಿಂದ ಒಂದೇ ಒಂದು ಸಂಖ್ಯೆಗಿಂತ ಅದು ಸಾಗುತ್ತಿರುವ ದಿಕ್ಕನ್ನು ನೋಡಿ. ಸದಾ 98 ಇರುವವರಿಗೆ ಜ್ವರ, ಕೆಮ್ಮಿನ ನಡುವೆ 94 ಬಂದರೆ ಅದು ವೈದ್ಯರಿಗೆ ತಿಳಿಸಬೇಕಾದ ವಿಷಯ. ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ಸಂಖ್ಯೆ ಎಷ್ಟೇ ಚೆನ್ನಾಗಿರಲಿ, ಆಸ್ಪತ್ರೆಗೆ ಹೊರಡಿ. ಇನ್ನೊಂದು ಎಚ್ಚರ ಕೊಂಡವರಲ್ಲಿ ಬಹಳ ಜನರಿಗೆ ತಿಳಿದಿಲ್ಲ: ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದು ಅಥವಾ ಜನರೇಟರಿನ ಹೊಗೆ ತುಂಬಿ ಕಾರ್ಬನ್ ಮಾನಾಕ್ಸೈಡ್ ರಕ್ತ ಸೇರಿದಾಗ ಈ ಸಾಧನ ಅದನ್ನೂ ಆಮ್ಲಜನಕವೆಂದೇ ಎಣಿಸುತ್ತದೆ. ಪ್ರಾಣಾಪಾಯವಿದ್ದರೂ 98 ತೋರಿಸಬಹುದು.

ಕಪಾಟಿನಲ್ಲಿದ್ದಾಗ ಇದನ್ನು ಕೆಡಿಸುವುದು ಹೆಚ್ಚಾಗಿ ಸೆಲ್‌ಗಳು. ಒಳಗೇ ಬಿಟ್ಟ ಆಲ್ಕಲೈನ್ ಸೆಲ್ ಸೋರಿ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಬರಿಗೈಯಲ್ಲಿ ಮುಟ್ಟದೆ, ಹತ್ತಿ ಸುತ್ತಿದ ಕಡ್ಡಿಗೆ ಒಂದೆರಡು ಹನಿ ವಿನೆಗರ್ ಅಥವಾ ನಿಂಬೆರಸ ಹಚ್ಚಿ ಒರೆಸಿ. ಆಮೇಲೆ ಸ್ಪಿರಿಟ್‌ನಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಲೋಹದ ಪಟ್ಟಿ ಹಸಿರುಗಟ್ಟಿ ತಿಂದುಹೋಗಿದ್ದರೆ ದುರಸ್ತಿಗೆ ಕೂರಬೇಡಿ. ಹಿಡಿಕೆಯ ಸ್ಪ್ರಿಂಗ್ ಸಡಿಲಾದರೂ ಹೊರಗಿನ ಬೆಳಕು ನುಗ್ಗಿ ಅಳತೆ ಕೆಡುತ್ತದೆ. ಸೆಲ್ ತೆಗೆದು ಪಕ್ಕದಲ್ಲೇ ಇಟ್ಟರೆ ಈ ಸಾಧನ ವರ್ಷಗಳ ಕಾಲ ಬರುತ್ತದೆ. ಅಸ್ತಮಾ ಅಥವಾ ಶ್ವಾಸಕೋಶದ ತೊಂದರೆ ಇರುವ ಮನೆಯಲ್ಲಿ ಖಂಡಿತ ಇರಲಿ. ಆರೋಗ್ಯವಾಗಿರುವವರು ದಿನಾ ಅಳೆಯುವ ಅಭ್ಯಾಸವನ್ನು ಬಿಡುವುದೇ ಒಳ್ಳೆಯದು. ಅದರಿಂದ ಆತಂಕ ಹೆಚ್ಚುವುದೇ ಹೊರತು ಲಾಭವಿಲ್ಲ.

ಹಣೆಗೆ ಹಿಡಿಯುವ ಥರ್ಮಾಮೀಟರ್‌ಗೆ ಇಷ್ಟು ಮೆಚ್ಚುಗೆ ಕೊಡಲಾರೆ. ಅದು ಅಳೆಯುವುದು ಹಣೆಯ ಚರ್ಮದ ಶಾಖವನ್ನು. ಅದಕ್ಕೆ ಒಂದಿಷ್ಟು ಕೂಡಿಸಿ ಒಳಗಿನ ಜ್ವರವನ್ನು ಅಂದಾಜಿಸುತ್ತದೆ. ಬಿಸಿಲಿನಿಂದ ಬಂದವರಿಗೆ ಹೆಚ್ಚು, ಬೆವರಿದವರಿಗೆ ಕಡಿಮೆ, ಫ್ಯಾನಿನ ಕೆಳಗೆ ಕುಳಿತವರಿಗೆ ಇನ್ನೂ ಕಡಿಮೆ. ಬಳಸುವುದಾದರೆ ಸಾಧನವೂ ವ್ಯಕ್ತಿಯೂ ಒಂದೇ ಕೋಣೆಯಲ್ಲಿ ಕಾಲು ಗಂಟೆಗಿಂತ ಹೆಚ್ಚು ಇರಲಿ, ಹಣೆ ಒಣಗಿರಲಿ, ಕೂದಲು ಅಡ್ಡ ಬರದಿರಲಿ, ಕೈಪಿಡಿಯಲ್ಲಿ ಹೇಳಿದ ಅಂತರವನ್ನೇ ಪಾಲಿಸಿ. ಮೂರು ಸಲ ತೆಗೆದು ನಡುವಿನ ಸಂಖ್ಯೆಯನ್ನು ಹಿಡಿಯಿರಿ. ಬಹುತೇಕ ಮಾದರಿಗಳಲ್ಲಿ ದೇಹಕ್ಕೊಂದು, ವಸ್ತುಗಳಿಗೊಂದು ಎಂದು ಎರಡು ಬಗೆಯ ಅಳತೆ ಇರುತ್ತದೆ. ಗುಂಡಿ ತಪ್ಪಿ ಒತ್ತಿ ವಸ್ತುವಿನ ಬಗೆಗೆ ಹೋಗಿದ್ದರೆ ಜ್ವರ ಬಂದವರಿಗೂ 34 ಡಿಗ್ರಿ ಸೆಲ್ಸಿಯಸ್ ಎನ್ನುತ್ತದೆ. ‘ಹಾಳಾಯಿತು’ ಎಂದು ಮೂಲೆಗೆ ಬಿಸಾಡಿದ ಎಷ್ಟೋ ಥರ್ಮಾಮೀಟರ್‌ಗಳ ಕಾಯಿಲೆ ಇದೇ. ಮಸೂರದ ಮೇಲೆ ಕೂತ ಧೂಳು ಇನ್ನೊಂದು ಕಾರಣ, ಸ್ಪಿರಿಟ್ ಅದ್ದಿದ ಹತ್ತಿ ಕಡ್ಡಿಯಿಂದ ಮೆತ್ತಗೆ ಒರೆಸಿ. ನಾಲಿಗೆಯ ಕೆಳಗೆ ಇಡುವ ಸಾದಾ ಡಿಜಿಟಲ್ ಥರ್ಮಾಮೀಟರ್ ಇದಕ್ಕಿಂತ ಅಗ್ಗ, ಇದಕ್ಕಿಂತ ನಂಬಿಕಸ್ಥ. ದೊಡ್ಡವರಿಗೆ ಅದೇ ಸಾಕು. ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸದೆ ನೋಡಲು ಹಣೆಯದ್ದು ಅನುಕೂಲ, ಆದರೆ 38 ಡಿಗ್ರಿ ಅಥವಾ 100.4 ಫ್ಯಾರನ್‌ಹೀಟ್ ದಾಟಿದಂತೆ ಕಂಡರೆ ಇನ್ನೊಂದು ಥರ್ಮಾಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ.

ಮಾಸ್ಕ್‌ಗಳಲ್ಲಿ ಬಟ್ಟೆಯದ್ದನ್ನು ಬಿಟ್ಟುಬಿಡಿ, ಅದರ ಕಾಲ ಮುಗಿಯಿತು. ಉಳಿಸಿಕೊಳ್ಳಬೇಕಾದದ್ದು ಎನ್‌95 ಅಥವಾ ಅದಕ್ಕೆ ಸಮನಾದ, ಯುರೋಪಿನ ಮಾನದಂಡದ ಎಫ್‌ಎಫ್‌ಪಿ2. ಪ್ರಯೋಗಾಲಯದ ಪರೀಕ್ಷೆಯಲ್ಲಿ ಸುಮಾರು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ 95 ಶೇಕಡಾವನ್ನು ಎನ್‌95 ತಡೆಯಬೇಕು. ಎಫ್‌ಎಫ್‌ಪಿ2ಗೆ ಈ ಮಟ್ಟ 94. ಇಷ್ಟು ಸಣ್ಣ ಕಣಗಳನ್ನು ತಡೆದೂ ಉಸಿರಾಡಲು ಬಿಡುವುದು ನಡುವಿನ ಪಾಲಿಪ್ರಾಪಿಲೀನ್ ಪದರದಲ್ಲಿ ತುಂಬಿಟ್ಟ ಸ್ಥಾಯಿ ವಿದ್ಯುತ್ತಿನಿಂದ. ಸಾಬೂನು ನೀರಲ್ಲಿ ತೊಳೆದರೆ, ಸ್ಯಾನಿಟೈಸರ್ ಸಿಂಪಡಿಸಿದರೆ ಆ ವಿದ್ಯುದಂಶ ಹೋಗುತ್ತದೆ. ಮಾಸ್ಕ್ ನೋಡಲು ಮೊದಲಿನಂತೆಯೇ ಇರುತ್ತದೆ, ಸೋಸುವ ಶಕ್ತಿ ಕುಸಿದಿರುತ್ತದೆ. ಹಿಂದೆ ತೊಳೆದು ಒಣಗಿಸಿ ಜೋಪಾನವಾಗಿ ಎತ್ತಿಟ್ಟ ಎನ್‌95 ಇದ್ದರೆ ಇಂದೇ ಬಿಸಾಡಿ.

ತೊಳೆಯದೆ ಸೀಲ್ ಮಾಡಿದ ಪೊಟ್ಟಣದಲ್ಲೇ ಇದ್ದವು? ಮೊದಲು ಪೊಟ್ಟಣದ ಮೇಲಿನ ಅವಧಿಯನ್ನು ನೋಡಿ. ಆಮೇಲೆ ಪಟ್ಟಿಯನ್ನು ಅದರ ಉದ್ದದ ಎರಡರಷ್ಟು ಎಳೆದು ಬಿಡಿ, ಬಿರುಕು ಬಿಟ್ಟರೆ ಅಥವಾ ಮೊದಲಿನ ಉದ್ದಕ್ಕೆ ಮರಳದಿದ್ದರೆ ಅದು ಮುಖಕ್ಕೆ ಕಚ್ಚಿ ಕೂರುವುದಿಲ್ಲ. ಮೂಗಿನ ಭಾಗದ ಸ್ಪಂಜು ಪುಡಿಯಾಗುತ್ತಿದೆಯೇ ಎಂದೂ ನೋಡಿ. ಹಳೆಯ ಮಾಸ್ಕ್ ಸೋಲುವುದು ಬಹುಪಾಲು ಪಟ್ಟಿ ಮತ್ತು ಸ್ಪಂಜಿನ ಕಾರಣಕ್ಕೆ, ಸೋಸುವ ಪದರದ ಕಾರಣಕ್ಕಲ್ಲ. ಹಾಕಿಕೊಂಡ ಮೇಲೆ ಎರಡೂ ಅಂಗೈಗಳಿಂದ ಮುಚ್ಚಿ ಜೋರಾಗಿ ಉಸಿರು ಬಿಡಿ. ಮೂಗಿನ ಪಕ್ಕದಿಂದ ಗಾಳಿ ಕಣ್ಣಿಗೆ ಬಡಿದರೆ ಲೋಹದ ಪಟ್ಟಿಯನ್ನು ಎರಡೂ ಕೈಯ ಬೆರಳುಗಳಿಂದ ಒತ್ತಿ ಕೂರಿಸಿ. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಮಡಿಕೆ ಬಿದ್ದು ಅಲ್ಲೇ ಸೋರುತ್ತದೆ. ಕನ್ನಡಕ ಮಂಜಾಗುವುದೂ ಅದೇ ಸೋರಿಕೆಯ ಗುರುತು. ಕಿವಿಗೆ ಸಿಕ್ಕಿಸುವ ಮಾದರಿಗಿಂತ ತಲೆಯ ಹಿಂದೆ ಹಾಯುವ ಎರಡು ಪಟ್ಟಿಯದು ಎಷ್ಟೋ ಪಾಲು ಮೇಲು. ಗಡ್ಡವಿದ್ದರೆ ಎಂಥ ಮಾಸ್ಕೂ ಸರಿಯಾಗಿ ಕೂರದು. ಕವಾಟವಿರುವ ಮಾಸ್ಕ್ ನಿಮ್ಮ ಉಸಿರನ್ನು ಸೋಸದೆ ಹೊರಬಿಡುವುದರಿಂದ ಕೆಮ್ಮಿರುವವರು ಹಾಕಿಕೊಳ್ಳುವಂಥದ್ದಲ್ಲ.

ಎಷ್ಟು ಸಲ ಬಳಸಬಹುದು? ತಯಾರಕರು ಬೇರೆ ಹೇಳದಿದ್ದರೆ ಒಂದು ಮಾಸ್ಕನ್ನು ಐದು ಸಲಕ್ಕಿಂತ ಹೆಚ್ಚು ಹಾಕಿಕೊಳ್ಳಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮಾಸ್ಕ್ ಕೊರತೆಯ ದಿನಗಳಲ್ಲಿ ಆಸ್ಪತ್ರೆ ಸಿಬ್ಬಂದಿಗೆ ಸೂಚಿಸಿತ್ತು. ಮನೆಬಳಕೆಗೂ ಅದು ಒಳ್ಳೆಯ ಲೆಕ್ಕ. ನಡುವೆ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ತೇವ ಉಳಿಯುತ್ತದೆ. ಇಡೀ ದಿನ ಮಾಸ್ಕ್ ಹಾಕುವ ಅಗತ್ಯ ಈಗ ಬಹುಪಾಲು ಜನರಿಗಿಲ್ಲ. ನಿಮಗೆ ಕೆಮ್ಮಿದ್ದಾಗ, ಆಸ್ಪತ್ರೆಯಲ್ಲಿ ಕಾಯುವಾಗ, ಗಾಳಿಯಾಡದ ಕಿಕ್ಕಿರಿದ ಜಾಗದಲ್ಲಿ, ಅಟ್ಟದ ಧೂಳು ಹೊಡೆಯುವಾಗ, ಹಳೆಯ ಗೋಡೆ ಉಜ್ಜುವಾಗ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಆದರೆ ಪೇಂಟ್ ಥಿನ್ನರಿನ ವಾಸನೆಯನ್ನಾಗಲಿ ಬೇರೆ ಅನಿಲವನ್ನಾಗಲಿ ಇದು ತಡೆಯುವುದಿಲ್ಲ.

ಸ್ಯಾನಿಟೈಸರ್ ವಿಷಯ ಚಿಕ್ಕದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ 80 ಶೇಕಡಾ ಎಥನಾಲ್ ಅಥವಾ 75 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಇರುತ್ತದೆ. 60ಕ್ಕಿಂತ ಕೆಳಗೆ ಇಳಿದರೆ ಅದರ ಮೇಲೆ ಭರವಸೆ ಇಡುವಂತಿಲ್ಲ. ಮುಚ್ಚಳ ಸಡಿಲವಿದ್ದ ಬಾಟಲಿಯಲ್ಲಿ ಆಲ್ಕೊಹಾಲ್ ನೀರಿಗಿಂತ ಬೇಗ ಆರುತ್ತದೆ, ಉಳಿದದ್ದು ದಿನೇ ದಿನೇ ಸಪ್ಪೆಯಾಗುತ್ತದೆ. ಅಂಥದ್ದನ್ನೂ ಅವಧಿ ಮೀರಿದ್ದನ್ನೂ ಕೈಗೆ ಹಾಕಬೇಡಿ. ತಯಾರಕರ ಹೆಸರೇ ಇಲ್ಲದ ಬಾಟಲಿ ಎಷ್ಟೇ ತುಂಬಿರಲಿ, ಬೇಡ. ಕಲಬೆರಕೆಯಲ್ಲಿ ಮೆಥನಾಲ್ ಎಂಬ ವಿಷ ಸೇರಿರಬಹುದು. ಪ್ರಯಾಣಕ್ಕೆ ಒಂದು ಸಣ್ಣ ಬಾಟಲಿ ಸಾಕು, ಮನೆಯಲ್ಲಿ ಸಾಬೂನೇ ಮೇಲು. ಜಿಡ್ಡು, ಮಣ್ಣು ಮೆತ್ತಿದ ಕೈಯಲ್ಲಿ ಸ್ಯಾನಿಟೈಸರ್ ಕೆಲಸ ಮಾಡದು, ವಾಂತಿಭೇದಿ ತರುವ ನೊರೊವೈರಸ್ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಸಾಬೂನು ಹಚ್ಚಿ ಕನಿಷ್ಠ 20 ಸೆಕೆಂಡು, ಹೆಬ್ಬೆರಳಿನ ಬುಡ ಮತ್ತು ಉಗುರಿನ ಸಂದಿಗಳನ್ನು ಬಿಡದೆ ಉಜ್ಜಿ ತೊಳೆಯುವ ರೂಢಿಯನ್ನು ಮಾತ್ರ ಬಿಡಬೇಡಿ.

ಫೋನು, ಬೀಗದ ಕೈ ಇಡುವ ಯುವಿ (ನೇರಳಾತೀತ ಕಿರಣದ) ಪೆಟ್ಟಿಗೆ ಮತ್ತು ಪ್ಲಾಸ್ಟಿಕ್ ಮುಖಪರದೆ ದಿನಬಳಕೆಗೆ ಬೇಕಾಗಿಲ್ಲ. ಯುವಿ ಕಿರಣ ನೇರ ಬಿದ್ದ ಕಡೆ ಮಾತ್ರ ಕೆಲಸ ಮಾಡುತ್ತದೆ, ನೆರಳು ಬಿದ್ದ ಬದಿ ಹಾಗೇ ಉಳಿಯುತ್ತದೆ. ಮುಚ್ಚಳ ತೆರೆದಾಗಲೂ ಉರಿಯುವ ಅಗ್ಗದ ಮಾದರಿ ಕಣ್ಣಿಗೂ ಚರ್ಮಕ್ಕೂ ಅಪಾಯ.

ಈಗ ಹೊಸದಾಗಿ ಏನಾದರೂ ಕೊಳ್ಳುವುದಿದ್ದರೆ ಅದು ಇಂಗಾಲದ ಡೈಆಕ್ಸೈಡ್ ಮಾಪಕ ಎಂಬುದು ನನ್ನ ದೃಢ ಅಭಿಪ್ರಾಯ. ಕೋವಿಡ್ ಗಾಳಿಯಲ್ಲಿ ಹರಡುತ್ತದೆಂದು ಗೊತ್ತಾದ ಮೇಲೂ ನಾವು ಬಾಗಿಲ ಹಿಡಿಕೆ ಒರೆಸುವುದಕ್ಕೇ ಹೆಚ್ಚು ಶ್ರಮ ಹಾಕಿದೆವು, ಕೋಣೆಯ ಗಾಳಿಯನ್ನು ನೋಡಲಿಲ್ಲ. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಇರುವ ಈ ಅನಿಲ ನಾವು ಬಿಡುವ ಉಸಿರಿನಲ್ಲಿ 40,000ದಷ್ಟಿರುತ್ತದೆ. ಕೋಣೆಯಲ್ಲಿ ಅದು ಏರಿದಷ್ಟೂ ನೀವು ಬೇರೆಯವರು ಬಿಟ್ಟ ಉಸಿರನ್ನೇ ಎಳೆದುಕೊಳ್ಳುತ್ತಿದ್ದೀರಿ ಎಂದರ್ಥ. 800ರ ಒಳಗಿದ್ದರೆ ಗಾಳಿ ಚೆನ್ನಾಗಿ ಆಡುತ್ತಿದೆ, 1,000 ದಾಟಿದರೆ ಕಿಟಕಿ ತೆರೆಯಿರಿ. ಎದುರುಬದುರಾದ ಎರಡು ಕಿಟಕಿಗಳನ್ನು ತೆರೆದರೆ ಒಂದನ್ನು ತೆರೆದದ್ದಕ್ಕಿಂತ ಬಹು ಬೇಗ ಸಂಖ್ಯೆ ಇಳಿಯುವುದು ಕಣ್ಣೆದುರೇ ಕಾಣುತ್ತದೆ.

ಕೊಳ್ಳುವಾಗ ಮೋಸ ಹೋಗುವುದು ಇಲ್ಲೇ. ಎನ್‌ಡಿಐಆರ್ ಅಥವಾ ಫೋಟೊಅಕೌಸ್ಟಿಕ್ ಸೆನ್ಸರ್ ಎಂದು ಸ್ಪಷ್ಟವಾಗಿ ಬರೆದಿರಬೇಕು, ಇವು ಆ ಅನಿಲವನ್ನೇ ನೇರವಾಗಿ ಅಳೆಯುವಂಥವು. ಅಗ್ಗದವು ಹಲವು ಗಾಳಿಯಲ್ಲಿನ ಬೇರೆ ಆವಿಗಳನ್ನು ಅಳೆದು ಇಂಗಾಲದ ಡೈಆಕ್ಸೈಡನ್ನು ಊಹಿಸಿ ತೋರಿಸುತ್ತವೆ. ಪತ್ತೆ ಹಚ್ಚಲು ಸ್ಯಾನಿಟೈಸರ್ ಅದ್ದಿದ ಹತ್ತಿಯನ್ನು ಸಾಧನದ ಹತ್ತಿರ ಹಿಡಿಯಿರಿ. ಸಂಖ್ಯೆ ಒಮ್ಮೆಲೇ ಸಾವಿರಗಟ್ಟಲೆ ಜಿಗಿದರೆ ಅದು ಊಹೆಯ ಯಂತ್ರ, ಹಿಂದಿರುಗಿಸಿ. ನಿಜವಾದ ಸೆನ್ಸರ್ ಆಲ್ಕೊಹಾಲಿಗೆ ಹಾಗೆ ಹಾರುವುದಿಲ್ಲ. ಕೈ ಚಾಚಿ ಹಿಡಿದು ಈ ಪರೀಕ್ಷೆ ಮಾಡಿ, ನಿಮ್ಮ ಉಸಿರು ತಾಗಿದರೆ ಒಳ್ಳೆಯ ಸಾಧನದಲ್ಲೂ ಸಂಖ್ಯೆ ಏರುತ್ತದೆ.

ಬಹಳಷ್ಟು ಮಾದರಿಗಳು ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಅಳತೆಯನ್ನೇ ಹೊರಗಿನ ಗಾಳಿ ಎಂದು ಭಾವಿಸಿ ತಮ್ಮನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಸದಾ ಮುಚ್ಚಿದ ಕೋಣೆಯಲ್ಲಿದ್ದರೆ ಈ ಲೆಕ್ಕ ತಪ್ಪಿ, ಕ್ರಮೇಣ ನಿಜಕ್ಕಿಂತ ಕಡಿಮೆ ತೋರಿಸತೊಡಗುತ್ತವೆ. ವಾರಕ್ಕೊಮ್ಮೆ ಅರ್ಧ ಗಂಟೆ ನೆರಳಿರುವ ಬಯಲಿನಲ್ಲಿಟ್ಟರೆ ಈ ತೊಂದರೆ ಇರದು. ಮನೆಯೊಳಗೆ ಕುಳಿತವರ ಮೂಗಿನ ಎತ್ತರದಲ್ಲಿ, ಯಾರಿಂದಲೂ ಒಂದು ಮೀಟರಿಗಿಂತ ದೂರ, ಕಿಟಕಿಗೆ ಅಂಟಿಕೊಳ್ಳದಂತೆ ಇಡಿ. ಕೋಣೆಯಲ್ಲಿ ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಓಡುತ್ತಿದ್ದರೆ ಮಾಪಕದ ಸಂಖ್ಯೆ ಇಳಿಯುವುದಿಲ್ಲ. ಪ್ಯೂರಿಫೈಯರ್ ಕಣಗಳನ್ನು ಹಿಡಿಯುತ್ತದೆ, ಈ ಅನಿಲವನ್ನಲ್ಲ. ಆ ಕೋಣೆಯಲ್ಲಿ ಸೋಂಕಿನ ಅಪಾಯವನ್ನು ಈ ಒಂದು ಸಂಖ್ಯೆಯಿಂದಲೇ ಅಳೆಯಲು ಬರುವುದಿಲ್ಲ.